37 ಕಿಲೋ ನ್ಯಾಯ

ಗಂಟೆಗಟ್ಟಲೆ ಓಡುವ ಕಾರ್ ರೇಸುಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್‌ನ ನಿಯಮಾವಳಿಯಲ್ಲಿ ಒಂದು ಅಪೂರ್ವ ಕಲಮು ಇದೆ. ಕಾರುಗಳ ತೂಕ, ಶಕ್ತಿಗಳನ್ನು ಸರಿದೂಗಿಸಲು ಸಂಘಟಕರು ಹೊರಡಿಸುವ 'ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್' ಪಟ್ಟಿಯ ಕುರಿತು ತಯಾರಕರಾಗಲಿ, ತಂಡಗಳಾಗಲಿ, ಚಾಲಕರಾಗಲಿ ಬಹಿರಂಗವಾಗಿ ತುಟಿ ಬಿಚ್ಚುವಂತಿಲ್ಲ. ನಡುರಾತ್ರಿಯ ಮಳೆಯಲ್ಲಿ, ಫ್ರಾನ್ಸಿನ ಲೆ ಮಾನ್ ಟ್ರ್ಯಾಕಿನ ಮುಲ್ಸಾನ್ ನೇರದಾರಿಯಲ್ಲಿ, ಗಂಟೆಗೆ 300 ಕಿ.ಮೀ. ದಾಟಿದ ವೇಗದಲ್ಲಿ ಎದೆಗುಂದದವರು ಕಾರಿನಿಂದಿಳಿದು ಮೈಕಿನ ಮುಂದೆ ನಿಂತೊಡನೆ ಟೈರಿನ ಗುಣಗಾನ ಮಾಡಿ ಜಾಗ ಖಾಲಿ ಮಾಡುತ್ತಾರೆ. ಇಂಥ ಶಿಸ್ತು ನಮ್ಮ ವಿಧಾನಸಭೆಗೂ ಬಂದಿಲ್ಲ.

ಬಾಯಿಗೆ ಬೀಗ ಏಕೆ ಬೇಕಾಯಿತೆಂಬುದು 2023ರ ಲೆ ಮಾನ್ 24 ಗಂಟೆಗಳ ಓಟ ಕಂಡವರಿಗೆಲ್ಲ ಗೊತ್ತು. ಟೊಯೋಟಾ ಆ ವರ್ಷ ಸೆಬ್ರಿಂಗ್, ಪೋರ್ಟಿಮಾವ್, ಸ್ಪಾ ಓಟಗಳು ಮೂರನ್ನೂ ಗೆದ್ದು ಅಕ್ಷಮ್ಯ ಅಪರಾಧ ಎಸಗಿತ್ತು. ಶತಮಾನೋತ್ಸವದ ಓಟಕ್ಕೆ ಇನ್ನು ಕೆಲವೇ ದಿನಗಳಿರುವಾಗ ಟೊಯೋಟಾಕ್ಕೆ 37 ಕಿಲೋ, ಫೆರಾರಿಗೆ 24, ಕ್ಯಾಡಿಲ್ಯಾಕ್‌ಗೆ 11, ಪೋರ್ಷೆಗೆ 3 ಕಿಲೋ ಹೆಚ್ಚುವರಿ ತೂಕ ಹೇರಲಾಯಿತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂದು ಯಾರೂ ದೂರುವಂತಿಲ್ಲ. ಎಲ್ಲ ಕಣ್ಣುಗಳಿಗೂ ಸುಣ್ಣವನ್ನೇ ಹಚ್ಚಿ ಪ್ರಮಾಣದಲ್ಲಿ ಮಾತ್ರ ವಾತ್ಸಲ್ಯ ತೋರಿದ್ದರು. ಐವತ್ತು ವರ್ಷಗಳ ಬಳಿಕ ಅಗ್ರ ದರ್ಜೆಗೆ ಮರಳಿದ್ದ ಫೆರಾರಿ ಗೆದ್ದಿತು, ಟೊಯೋಟಾ ಎರಡನೆಯದಾಯಿತು, ಹಬ್ಬ ಸಾಂಗವಾಗಿ ನೆರವೇರಿತು.

ಈಗಿನ ಅಗ್ರ ದರ್ಜೆಯಾದ ಹೈಪರ್‌ಕಾರ್ ಎಂಬ ಒಂದೇ ಪಂಕ್ತಿಯಲ್ಲಿ ಎರಡು ಕುಲದವರನ್ನು ಕೂರಿಸಿದ್ದರಿಂದಲೇ ಈ ಬಡಿಸುವವನ ಪಾರುಪತ್ಯ ಬೆಳೆದದ್ದು. ಎಲ್‌ಎಂಎಚ್ ಕುಲದವರು ಕಾರನ್ನು ಬುಡದಿಂದ ತಾವೇ ಕಟ್ಟಿ, ಬೇಕಿದ್ದರೆ ಮುಂದಿನ ಚಕ್ರಗಳಿಗೆ ವಿದ್ಯುತ್ ಮೋಟಾರು ಜೋಡಿಸಬಹುದು. ಎಲ್‌ಎಂಡಿಎಚ್ ಕುಲದವರು ಡಲ್ಲಾರಾ, ಒರೆಕಾ, ಮಲ್ಟಿಮ್ಯಾಟಿಕ್, ಲಿಜಿಯೇ ಎಂಬ ನಾಲ್ಕು ಮನೆಗಳಲ್ಲೊಂದರಿಂದ ಚಾಸಿ, ಅಂದರೆ ಕಾರಿನ ಹಂದರ, ತಂದು, ಎಲ್ಲರಿಗೂ ಒಂದೇ ಆದ ಹೈಬ್ರಿಡ್ ಯಂತ್ರವನ್ನು ಹಿಂದಿನ ಚಕ್ರಗಳಿಗೆ ಕಟ್ಟಬೇಕು. ಇಬ್ಬರನ್ನೂ ಸಮ ಮಾಡಲು ಚಕ್ರದ ಅಚ್ಚಿನಲ್ಲೇ ಟಾರ್ಕ್ ಸೆನ್ಸರ್ ಕೂರಿಸಿ ಶಕ್ತಿಯನ್ನು ಅಳೆಯುತ್ತಾರೆ. 2024ರ ಲೆ ಮಾನ್‌ನಿಂದ 250 ಕಿ.ಮೀ. ವೇಗದ ಕೆಳಗೊಂದು ಶಕ್ತಿ, ಮೇಲೊಂದು ಶಕ್ತಿ ಎಂಬ ಸೂಕ್ಷ್ಮವೂ ಸೇರಿಕೊಂಡಿದೆ.

ಇಲ್ಲಿ ಬಡಪಾಯಿ ಪ್ಯೂಜೊವನ್ನು ನೆನೆಯದಿದ್ದರೆ ಪಾಪ ತಟ್ಟೀತು. ಕಾರಿನ ಮೇಲೆ ಗಾಳಿಯ ಒತ್ತಡ ಎಷ್ಟಿರಬೇಕೆಂದು ನಿಯಮವೇ ಗೆರೆ ಎಳೆದಿರುವಾಗ ಹಿಂದಿನ ರೆಕ್ಕೆಯ ಉಪದ್ವ್ಯಾಪವೇಕೆ ಎಂದು ಅದರ ಎಂಜಿನಿಯರುಗಳು ತರ್ಕಬದ್ಧವಾಗಿ ಯೋಚಿಸಿ, ಆ ಕೆಲಸವನ್ನು ಕಾರಿನ ತಳಕ್ಕೇ ವಹಿಸಿ, 2022ರಲ್ಲಿ ಮೊಂಜಾಕ್ಕೆ ರೆಕ್ಕೆಯಿಲ್ಲದ 9ಎಕ್ಸ್8 ಕಾರನ್ನು ತಂದರು. ನಾಲ್ಕೂ ಚಕ್ರಗಳಿಗೆ ಒಂದೇ ಅಗಲದ ಟೈರು ಹಾಕಿದ್ದರು. ಎದುರಾಳಿಗಳ ಹಿಂದಿನ ಟೈರು ಅಗಲ, ಮುಂದಿನದು ಕಿರಿದು. ಅಂತಹ ಚೆಲುವಾದ ಕಾರು ಈಚೆಗೆ ರೇಸಿನಲ್ಲಿ ಓಡಿದ್ದನ್ನು ನಾನು ಕಂಡಿಲ್ಲ. ಓಡಿತು ಎನ್ನುವುದೂ ಸ್ವಲ್ಪ ಉದಾರವಾದ ಮಾತೇ. 2024ರಲ್ಲಿ ಇಮೋಲಾಕ್ಕೆ ಬಂದಾಗ ಅದರ ಬೆನ್ನ ಮೇಲೂ ಎಲ್ಲರಂತೆ ರೆಕ್ಕೆಯಿತ್ತು, ಟೈರುಗಳೂ ಎಲ್ಲರಂತಾಗಿದ್ದವು. ಬೇರೆಯಾಗಿ ಯೋಚಿಸಿದವರನ್ನೂ ಸಮಾನತೆ ಕೊನೆಗೆ ಹೀಗೆ ಸಲಹಿತು.

ಹೈಪರ್‌ಕಾರ್‌ಗಿಂತ ಕೆಳಗಿನ ಎಲ್‌ಎಂಪಿ2 ದರ್ಜೆಗೆ ಆ ಭಾಗ್ಯವೂ ಇಲ್ಲ. 2017ರಲ್ಲಿ ಕೋಟ್ಯಂತರ ಸುರಿದ, ಆಗಿನ ಅಗ್ರ ದರ್ಜೆಯಾದ ಎಲ್‌ಎಂಪಿ1 ಹೈಬ್ರಿಡ್‌ಗಳು ಒಂದೊಂದಾಗಿ ಕೆಟ್ಟು ನಿಂತಾಗ ಈ ಕಿರಿಯ ದರ್ಜೆಯ ಕಾರೊಂದು ಲೆ ಮಾನ್ ಓಟವನ್ನೇ ಮುನ್ನಡೆಸಿತು. ಗ್ಯಾರೇಜಿನಲ್ಲಿ ಒಂದು ಗಂಟೆಗೂ ಹೆಚ್ಚು ಕಳೆದುಕೊಂಡಿದ್ದ ಪೋರ್ಷೆ ಕೊನೆಯ ಹೊತ್ತಿನಲ್ಲಿ ಅದನ್ನು ಹಿಂದಿಕ್ಕಿ ಹಿರಿಯರ ಮಾನ ಉಳಿಸಿತು. 2021ರಲ್ಲಿ ಹೊಸ ಹೈಪರ್‌ಕಾರ್‌ಗಳು ಹಳೆಯ ಎಲ್‌ಎಂಪಿ1ಗಿಂತ ನಿಧಾನವಾಗಿದ್ದವು, ಸ್ಪಾದ ಪೂರ್ವಾಭ್ಯಾಸದಲ್ಲಿ ಎಲ್‌ಎಂಪಿ2 ಅವುಗಳನ್ನೂ ಮೀರಿಸಿತು. ಹಿರಿಯರಿಗೆ ವೇಗ ಹೆಚ್ಚಿಸುವ ಬದಲು ಕಿರಿಯರ ಶಕ್ತಿಯನ್ನು ಮೊದಲೇ ಕತ್ತರಿಸಿ ತೂಕ ಹೆಚ್ಚಿಸಿದ್ದರೂ ಆದದ್ದು ಇದು. 2024ರಿಂದ ಚಾಂಪಿಯನ್‌ಷಿಪ್‌ನಲ್ಲಿ ಅವರಿಗೆ ಜಾಗವೇ ಇಲ್ಲ, ಲೆ ಮಾನ್‌ಗೆ ಮಾತ್ರ ಆಹ್ವಾನ. ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಲೆ ಮಾನ್‌ನಲ್ಲಿ ಓಡಿಸಿದ್ದು ಇದೇ ದರ್ಜೆಯಲ್ಲಿ. ಕಂಪನಿಯ ಮುದ್ರೆಯಿಲ್ಲದವರು ಒಳಗೆ ಕಾಲಿಡಲು ಇದ್ದ ಬಾಗಿಲು ಅದು.

ಸರಿದೂಗಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಖರ್ಚಿಗೆ ಅಂಕೆಯಿಲ್ಲದಿದ್ದಾಗ 2016ರ ಕೊನೆಗೆ ಆಡಿ, ಮರುವರ್ಷ ಪೋರ್ಷೆ ಹೊರನಡೆದು ಟೊಯೋಟಾ ತನ್ನ ನೆರಳಿನೊಡನೆ ಸ್ಪರ್ಧಿಸಿದ್ದನ್ನೂ ನೋಡಿದ್ದೇವೆ. ಆದರೆ 37 ಯಾಕೆ, 30 ಯಾಕಲ್ಲ ಎಂಬ ಸರಳ ಪ್ರಶ್ನೆಯನ್ನು ಕೇಳುವುದೇ ಶಿಕ್ಷಾರ್ಹವಾದರೆ ಗೆದ್ದವನಿಗೂ ಅನ್ಯಾಯವಾಗುತ್ತದೆ. 2011ರ ರ‍್ಯಾಲಿ ಅಪಘಾತದಲ್ಲಿ ಬಲಗೈ ಜಜ್ಜಿಹೋಗಿದ್ದ ಪೋಲೆಂಡಿನ ಚಾಲಕ ರಾಬರ್ಟ್ ಕುಬಿಟ್ಸಾ, 2025ರ ಲೆ ಮಾನ್‌ನಲ್ಲಿ ತನ್ನಿಬ್ಬರು ಜೊತೆಗಾರರೊಡನೆ ಹಳದಿ ಫೆರಾರಿಯಲ್ಲಿ 387 ಸುತ್ತು ಮುಗಿಸಿ ಪೋರ್ಷೆಯನ್ನು ಕೇವಲ 14 ಸೆಕೆಂಡುಗಳಿಂದ ಸೋಲಿಸಿದರು. ಅಂಥವರ ಗೆಲುವನ್ನೂ 'ಪಟ್ಟಿ ಏನಿತ್ತು?' ಎಂದು ಕೇಳಿಯೇ ಒಪ್ಪಿಕೊಳ್ಳುವ ದರಿದ್ರ ಅಭ್ಯಾಸ ನಮಗೆ ಅಂಟಿದೆ, ಮತ್ತು ಅದನ್ನು ಅಂಟಿಸಿದವರು ನಾವಲ್ಲ.