ಬೂಟ್‌ಲೋಡರ್ ಕೋಡಿನಲ್ಲಿ ಬಳಸದ ಪ್ಯಾರಾಮೀಟರ್: ತೆಗೆಯಬೇಕಾ, ಬಿಡಬೇಕಾ?

ಪರ: ತೆಗೆಯಿರಿ

ಬೋರ್ಡ್ ಆನ್ ಆದಾಗ ಕೆರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಎಬ್ಬಿಸುವ ಕೋಡು ಬೂಟ್‌ಲೋಡರ್. ಅದರಲ್ಲಿ ಫ್ಲ್ಯಾಶ್ ಮೆಮೊರಿಯಿಂದ ಇಮೇಜ್ (ಕೆರ್ನಲ್‌ನಂಥ ಪ್ರೋಗ್ರಾಮಿನ ಫೈಲ್) ಓದುವ ಫಂಕ್ಷನ್ ಒಂದಿದೆ ಅನ್ನಿ. ಎಲ್ಲಿಂದ, ಎಲ್ಲಿಗೆ, ಎಷ್ಟು ಬೈಟ್ ಅನ್ನುವುದರ ಜೊತೆಗೆ ಕೊನೆಯಲ್ಲಿ ‘ಫ್ಲ್ಯಾಗ್ಸ್’ ಅಂತ ಇನ್ನೊಂದು ಪ್ಯಾರಾಮೀಟರ್ (ಫಂಕ್ಷನ್ನಿಗೆ ಕಳಿಸುವ ಬೆಲೆ). ಕೆಲವರು ಅದಕ್ಕೆ ಸೊನ್ನೆ ಕಳಿಸುತ್ತಾರೆ. ಯಾರೋ ಒಬ್ಬರು ‘ಚೆಕ್‌ಸಮ್ ನೋಡು’ (ಡೇಟಾ ಕೆಟ್ಟಿದೆಯಾ ಪರೀಕ್ಷಿಸು) ಅನ್ನುವ ಬಿಟ್ ಇಟ್ಟು ಕಳಿಸುತ್ತಾರೆ. ಒಳಗೆ ಅದನ್ನು ಮುಟ್ಟುವ ಒಂದು ಸಾಲೂ ಇಲ್ಲ. ಕಳಿಸಿದವರು ಮಾತ್ರ ಇಮೇಜ್ ಪರೀಕ್ಷೆ ಆಗಿದೆ ಅಂತ ನೆಮ್ಮದಿಯಾಗಿರುತ್ತಾರೆ. ಓದುವವರಿಗೆ ಸುಳ್ಳು ಹೇಳುವ ಕೋಡು ಇದು. ಬೇರೆಲ್ಲಾದರೂ ಸಹಿಸಬಹುದು, ಕೆರ್ನಲ್‌ಗಿಂತ ಮೊದಲು ಓಡುವ ಕಡೆ ಹೇಗೆ?

ಜಾಗ ಉಳಿಯುತ್ತದೆ ಅನ್ನುವ ವಾದವನ್ನು ಜಾಸ್ತಿ ಎಳೆಯುವುದಿಲ್ಲ. 32 ಬಿಟ್ ಆರ್ಮ್ ಪ್ರೊಸೆಸರಿನಲ್ಲಿ ಮೊದಲ 4 ಆರ್ಗ್ಯುಮೆಂಟ್ (ಕಳಿಸುವ ಬೆಲೆಗಳು) ಸಾಮಾನ್ಯವಾಗಿ ಪ್ರೊಸೆಸರಿನೊಳಗಿನ ರಿಜಿಸ್ಟರಿನಲ್ಲೇ (ಆರ್0ರಿಂದ ಆರ್3) ಹೋಗುತ್ತವೆ, 5ನೆಯದು ಮೆಮೊರಿಯಲ್ಲಿರುವ ಸ್ಟ್ಯಾಕಿಗೆ. ಕರೆಯುವ ಕಡೆಯೆಲ್ಲ ಒಂದೆರಡು ಇನ್‌ಸ್ಟ್ರಕ್ಷನ್ ಉಳಿದೀತು, ಅಷ್ಟೇ.

ತಾನಾಗಿ ಗೊತ್ತಾಗುತ್ತದೆ ಅಂತಲೂ ಕಾಯಬೇಡಿ. ಜಿಸಿಸಿ ಕಂಪೈಲರಿನಲ್ಲಿ ‘ಡಬ್ಲ್ಯು-ಆಲ್’ (-Wall) ಆಯ್ಕೆ ಒಂದೇ ಹಾಕಿದರೆ ಬಳಸದ ಪ್ಯಾರಾಮೀಟರಿನ ವಾರ್ನಿಂಗ್ ಬರುವುದಿಲ್ಲ, ‘ಡಬ್ಲ್ಯು-ಎಕ್ಸ್‌ಟ್ರಾ’ (-Wextra) ಕೂಡ ಬೇಕು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ತೆಗೆಯುವುದು ಸುಲಭ. ಪ್ರೊಟೊಟೈಪ್ (ಫಂಕ್ಷನ್ನಿನ ಘೋಷಣೆ) ಬದಲಿಸಿದರೆ ಹಳೇ ಥರ ಕರೆಯುವ ಕಡೆಯೆಲ್ಲ ಕಂಪೈಲರೇ ತಡೆದು ನಿಲ್ಲಿಸುತ್ತದೆ.

ವಿರೋಧ: ಮೊದಲು ಯಾರು ಕರೆಯುತ್ತಾರೆ ನೋಡಿ

ಕಂಪೈಲರ್ ತಡೆಯುವುದು ತಾನು ನೋಡಿದ ಕೋಡನ್ನು ಮಾತ್ರ. ಯು-ಬೂಟ್‌ನಂಥ ಬೂಟ್‌ಲೋಡರ್ ಪ್ರಾಜೆಕ್ಟಿನಲ್ಲಿ ನೂರಾರು ಬೋರ್ಡುಗಳಿವೆ. ಇಫ್‌ಡೆಫ್ (ಷರತ್ತು ಹೊಂದಿದರೆ ಮಾತ್ರ ಕೋಡು ಸೇರಿಸುವ ಸೂಚನೆ) ಹಿಂದೆ ಕೂತ ಬೇರೆ ಬೋರ್ಡಿನ ಕೋಡು ನಿಮ್ಮ ಬಿಲ್ಡಿಗೆ ಬರುವುದೇ ಇಲ್ಲ.

ಅಸೆಂಬ್ಲಿಯದು ಇನ್ನೂ ಕಷ್ಟ. ಸ್ಟಾರ್ಟಪ್ ಕೋಡು ಆರ್0, ಆರ್1 ತುಂಬಿ ಸಿ ಫಂಕ್ಷನ್ನಿಗೆ ಹಾರುತ್ತದೆ. ನೀವು ಮೊದಲ ಪ್ಯಾರಾಮೀಟರ್ ತೆಗೆದಿರಿ. ಎರಡನೆಯದನ್ನು ಸಿ ಈಗ ಆರ್0ನಲ್ಲಿ ಹುಡುಕುತ್ತದೆ, ಅಸೆಂಬ್ಲಿ ಇನ್ನೂ ಆರ್1ರಲ್ಲೇ ಇಡುತ್ತಿದೆ. ವಾರ್ನಿಂಗ್ ಇಲ್ಲ, ಎರರ್ ಇಲ್ಲ. ಸೀರಿಯಲ್ ಕನ್ಸೋಲ್ ಎದ್ದಿರದ ಹೊತ್ತಾದರೆ ಒಂದಕ್ಷರವೂ ಕಾಣದೆ ಬೋರ್ಡು ಸತ್ತು ಕೂರುತ್ತದೆ. ಆಮೇಲೆ ಜೆಟ್ಯಾಗ್ (ಚಿಪ್ಪಿನೊಳಗೆ ಇಣುಕುವ ಡೀಬಗ್ ಸಂಪರ್ಕ) ಹಾಕಿ ಕೂರುವವರು ಯಾರು?

ಬಳಸದಿದ್ದರೂ ಜಾಗ ಬಿಡಲೇಬೇಕಾದವೂ ಇವೆ. 32 ಬಿಟ್ ಆರ್ಮ್ ಲಿನಕ್ಸಿಗೆ ಹಾರುವಾಗ ಆರ್0 ಸೊನ್ನೆ, ಆರ್1ರಲ್ಲಿ ಮೆಷಿನ್ ನಂಬರ್, ಆರ್2ರಲ್ಲಿ ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರ) ವಿಳಾಸ. ಡಿವೈಸ್ ಟ್ರೀ ಬಂದ ಮೇಲೆ ಬೋರ್ಡನ್ನು ಗುರುತಿಸಲು ಆ ನಂಬರ್ ಬೇಕಿಲ್ಲ. ಹಾಗಂತ ಆರ್2ರಲ್ಲಿರುವುದನ್ನು ಮುಂದಕ್ಕೆ ಸರಿಸಲು ಆಗುತ್ತಾ? 64 ಬಿಟ್ ಆರ್ಮ್‌ನಲ್ಲಂತೂ ಎಕ್ಸ್1ರಿಂದ ಎಕ್ಸ್3ರವರೆಗಿನ ರಿಜಿಸ್ಟರುಗಳಲ್ಲಿ ಸೊನ್ನೆ ಇಡಬೇಕು, ಮುಂದೆ ಬೇಕಾದೀತು ಅಂತ ಕಾದಿಟ್ಟದ್ದು. ಯು-ಬೂಟ್ ಕಮಾಂಡುಗಳದೂ ಇದೇ ಕಥೆ. ಅವೆಲ್ಲ ಒಂದೇ ಟೇಬಲ್ಲಿನ ಫಂಕ್ಷನ್ ಪಾಯಿಂಟರುಗಳು, ಎಲ್ಲಕ್ಕೂ ಒಂದೇ ಸಿಗ್ನೇಚರ್ (ಪ್ಯಾರಾಮೀಟರುಗಳ ಪಟ್ಟಿ). ಒಂದು ಕಮಾಂಡಿಗೆ ಬೇಡ ಅಂತ ಅಲ್ಲಿ ಮಾತ್ರ ಕಿತ್ತರೆ ನಡೆಯುವುದಿಲ್ಲ.

ಒಂದೇ ಫೈಲಿನೊಳಗಿನ ಸ್ಟ್ಯಾಟಿಕ್ ಫಂಕ್ಷನ್ನಾ? ಧಾರಾಳವಾಗಿ ತೆಗೆಯಿರಿ, ತಕರಾರಿಲ್ಲ. ಇನ್ನು ಆ ‘ಫ್ಲ್ಯಾಗ್ಸ್’ ವಿಷಯ. ಹೊರಗಿನವರು ಕರೆಯುವ ಫಂಕ್ಷನ್ ಆದರೆ ಅದನ್ನು ಬಿಟ್ಟು, ಒಳಗೆ ಒಂದು ಸಾಲು ಸೇರಿಸಿ: ಸೊನ್ನೆ ಅಲ್ಲದ್ದು ಏನು ಬಂದರೂ ಎರರ್ ವಾಪಸ್. ಚೆಕ್‌ಸಮ್ ಕೇಳಿದವರಿಗೆ ಅದು ಆಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.