ವೃತ್ತಿ: ಕೃಷಿ ಮತ್ತು ಸಮಾಜಸೇವೆ

ನಾಮಪತ್ರ ಪರಿಶೀಲನೆಯ ದಿನ ಮಂಡ್ಯದಲ್ಲಿ ಪಟಾಕಿಗೆ ಒಳ್ಳೆ ವ್ಯಾಪಾರ. ‘ಅಣ್ಣಂದು ಕ್ರಮಬದ್ಧ’ ಅಂತ ಒಳಗಿನಿಂದ ಸುದ್ದಿ ಬಂದರೆ ಸಾಕು, ಹೊರಗೆ ನಿಂತ ಹುಡುಗರು ಅಣ್ಣ ಐಎಎಸ್ ಪಾಸಾದಷ್ಟು ಕುಣಿಯುತ್ತಾರೆ. ಅಷ್ಟರಲ್ಲಾಗಲೇ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ‘ಮುಂದಿನ ಮುಖ್ಯಮಂತ್ರಿ’ ಪೋಸ್ಟರ್ ಬಿದ್ದಿರುತ್ತದೆ. ಮೊದಲ ಸಲ ಎಂಎಲ್ಎಗೆ ನಿಂತವರಿಗೂ ನಮ್ಮ ಕಡೆ ಸಿಎಂಗಿಂತ ಕೆಳಗಿನ ಹುದ್ದೆ ಹೊಳೆಯುವುದಿಲ್ಲ. ಮಂಡ್ಯದ ಗತ್ತು ಅಂದ್ರೆ ಸುಮ್ನೆನಾ?

ಅಣ್ಣ ಪಾಸಾದ ಪರೀಕ್ಷೆ ಯಾವುದು ಅಂತ ನೋಡಿದರೆ, ಅದರಲ್ಲಿ ಫೇಲಾಗುವುದೇ ಕಷ್ಟ. ಭಾರತದ ಪ್ರಜೆಯಾಗಿರಬೇಕು. 25 ವರ್ಷ ತುಂಬಿರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ವಿಧಾನಸಭೆಗಾದರೆ 10,000, ಲೋಕಸಭೆಗಾದರೆ 25,000 ರೂಪಾಯಿ ಠೇವಣಿ ಕಟ್ಟಬೇಕು. ಪರಿಶಿಷ್ಟರಿಗೆ ಅದರಲ್ಲಿ ಅರ್ಧ. ಮಾನ್ಯತೆ ಇರುವ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಸಹಿ ಮರೆತರೆ ನಾಮಪತ್ರ ತಿರಸ್ಕೃತ. ಬುದ್ಧಿ ಮರೆತು ಬಂದಿದ್ದರೆ ಕ್ರಮಬದ್ಧ.

ಬುದ್ಧಿಯ ಬಗ್ಗೆ ಕಾನೂನು ಏನೂ ಹೇಳಿಲ್ಲ ಅನ್ನಬೇಡಿ, ಹೇಳಿದೆ. ಸಂವಿಧಾನದ 191ನೇ ವಿಧಿಯ ಪ್ರಕಾರ ಬುದ್ಧಿ ಸ್ಥಿಮಿತದಲ್ಲಿಲ್ಲದವರು ಶಾಸಕರಾಗುವಂತಿಲ್ಲ. ಆದರೆ ಹಾಗಂತ ಕೋರ್ಟು ಘೋಷಿಸಿರಬೇಕು. ಊರಿಗೆಲ್ಲ ಗೊತ್ತಿದ್ದರೆ, ಟಿವಿಯಲ್ಲಿ ದಿನಾ ಲೈವ್ ಬರುತ್ತಿದ್ದರೆ ಸಾಲದು. ಇನ್ನು ಮುಖ್ಯಮಂತ್ರಿ ಆಗೋಕೆ ಚುನಾವಣೆಗೆ ನಿಲ್ಲುವ ತಾಪತ್ರಯವೂ ಮೊದಲಿಗೆ ಬೇಡ. ಯಾವ ಸದನದ ಸದಸ್ಯರಲ್ಲದಿದ್ದರೂ ಆರು ತಿಂಗಳು ಆರಾಮಾಗಿ ಕುರ್ಚಿಯಲ್ಲಿ ಕೂರಬಹುದು.

ಸರ್ಕಾರದ ಸಿಲಬಸ್ಸು ಇಷ್ಟು ಸಲೀಸಾಗಿರುವುದರಿಂದ ಜನ ತಮ್ಮದೇ ಸಿಲಬಸ್ಸು ಮಾಡಿಕೊಂಡಿದ್ದಾರೆ. ಮೊದಲನೆಯದು ಮುದ್ದೆ. ಕ್ಯಾಂಡಿಡೇಟು ಊಟಕ್ಕೆ ಕೂತಾಗ ಇಡೀ ಬೀದಿ ಅವನ ಬಾಯಿ ನೋಡುತ್ತದೆ. ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ, ಗುಳಕ್ ಅಂತ ನುಂಗಬೇಕು. ಅಗಿದರೆ ಮುಗೀತು ಕಥೆ. ‘ಬೆಂಗಳೂರಿನೋನು ಕಣ್ಲಾ’ ಅಂತ ಅಲ್ಲೇ ತೀರ್ಪು. ಅವನ ಅಪ್ಪ, ಅಜ್ಜ ಎಲ್ಲ ನಾಗಮಂಗಲದವರೇ ಆಗಿದ್ದರೂ ಮೇಲ್ಮನವಿಗೆ ಅವಕಾಶ ಇಲ್ಲ.

ಎರಡನೆಯದು ಹಾರ. ಹಾರ ಅಂದರೆ ಕೊರಳಿಗೆ ಹಾಕುವಂಥದ್ದಲ್ಲ. ಅದನ್ನು ಎತ್ತೋಕೆ ಕ್ರೇನ್ ಬೇಕು. ಅಣ್ಣ ಗಾಡಿ ಮೇಲೆ ನಿಂತು ಅದನ್ನೊಮ್ಮೆ ಮುಟ್ಟಿ ಕೈ ಮುಗಿಯುತ್ತಾರೆ. ಮರುಕ್ಷಣ ಜನ ಬಿದ್ದು ಸೇಬು ಕಿತ್ತುಕೊಳ್ಳುತ್ತಾರೆ, ಕ್ರೇನಿಗೆ ಬರೀ ಹಗ್ಗ ಉಳಿಯುತ್ತದೆ. ಕಬ್ಬು, ಭತ್ತ, ರಾಗಿ ಬೆಳೆಯುವ ಜಿಲ್ಲೆಯಲ್ಲಿ ಕಾಶ್ಮೀರದ ಸೇಬಿನಿಂದ ನಾಯಕನ ತೂಕ ಅಳೆಯುತ್ತೇವೆ. ಕಬ್ಬಿನ ಹಾರವೂ ಉಂಟು. ಆದರೆ ಕಿತ್ತುಕೊಳ್ಳೋಕೆ ಅಷ್ಟು ಜನ ಮುಗಿಬೀಳೋದಿಲ್ಲ, ಎಲ್ಲರ ಹೊಲದಲ್ಲೂ ಅದು ಕಟಾವಿಗೆ ಕಾಯ್ತಾ ನಿಂತಿರುತ್ತದೆ.

ಮೂರನೆಯದು ಗದ್ದೆ. 2018ರಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ಪಾಂಡವಪುರ ತಾಲ್ಲೂಕಿನ ಸೀತಾಪುರದಲ್ಲಿ ಪಂಚೆ ಕಟ್ಟಿ ಗದ್ದೆಗಿಳಿದು ನಾಟಿ ಹಾಕಿದರು. ಫೋಟೊ ಚೆನ್ನಾಗಿ ಬಂತು. ಆಮೇಲೆ ಕೆಸರು ಕಂಡರೆ ಬಿಡುವ ಕ್ಯಾಂಡಿಡೇಟುಗಳೇ ಕಡಿಮೆ. ನಾಲ್ಕು ಪೈರು ನೆಟ್ಟು, ಕ್ಯಾಮೆರಾ ಕಡೆ ತಿರುಗಿ, ಮೇಲೆ ಬಂದು ಕಾಲು ತೊಳೆದುಕೊಳ್ಳುತ್ತಾರೆ. ಅವರು ಹೋದ ಮೇಲೆ ಹೆಣ್ಣಾಳುಗಳು ಆ ನಾಲ್ಕು ಪೈರನ್ನು ಕಿತ್ತು ಸಾಲಿಗೆ ಸರಿಯಾಗಿ ನೆಡುತ್ತಾರೆ. ಆ ಫೋಟೊ ಮಾತ್ರ ಯಾರೂ ತೆಗೆಯೋದಿಲ್ಲ.

ಸಾವಿನ ಮನೆ, ತಿಥಿ, ಬೀಗರೂಟ ಇವೆಲ್ಲ ಇಂಟರ್ನಲ್ ಮಾರ್ಕ್ಸು.

ಓದಿನ ವಿಷಯ ಬಂದಾಗ ಮಾತ್ರ ನಮಗೆ ಇದ್ದಕ್ಕಿದ್ದಂತೆ ಗಾಂಭೀರ್ಯ ಬಂದುಬಿಡುತ್ತದೆ. ಮೈಸೂರಿನ ಚಾಮುಂಡೇಶ್ವರಿ ಕ್ಷೇತ್ರ ನೆನಪಿದೆ ಅಲ್ವಾ? 2018ರಲ್ಲಿ ಬಿಎಸ್ಸಿ, ಎಲ್‌ಎಲ್‌ಬಿ ಓದಿ, 13 ಬಜೆಟ್ ಮಂಡಿಸಿದ್ದ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದುಕೊಂಡೇ ಅಲ್ಲಿ ಸೋತರು. ಗೆದ್ದವರು ಎಂಟನೇ ತರಗತಿ ಓದಿದ ಜಿ.ಟಿ. ದೇವೇಗೌಡರು, 36 ಸಾವಿರಕ್ಕೂ ಜಾಸ್ತಿ ಮತಗಳಿಂದ. ಅದಾದ ಮೇಲೆ ಅವರಿಗೆ ಸಿಕ್ಕಿದ್ದು ಉನ್ನತ ಶಿಕ್ಷಣ ಖಾತೆ. ಟಿವಿಯವರಿಗೆ ಹಬ್ಬ. ನನಗೇನೋ ಆ ನಗು ಅಷ್ಟು ರುಚಿಸಲಿಲ್ಲ. ಡಬಲ್ ಡಿಗ್ರಿ ಇದ್ದವರು ವಿಶ್ವವಿದ್ಯಾಲಯಗಳನ್ನು ನಡೆಸಿದ ಚಂದ ನೋಡಿದ ಮೇಲೂ ಎಂಟನೇ ಕ್ಲಾಸಿಗೆ ನಗೋಕೆ ಒಂದು ಧೈರ್ಯ ಬೇಕು. ಅಫಿಡವಿಟ್ಟಿನಲ್ಲಿ ನಗಬೇಕಾದ ಕಾಲಂ ಬೇರೆ ಇದೆ. ಅಲ್ಲಿಗೆ ಯಾರೂ ಹೋಗುವುದೇ ಇಲ್ಲ.

ನಮೂನೆ 26 ಅಂತ ಅದರ ಹೆಸರು. ಕ್ಯಾಂಡಿಡೇಟು ಪ್ರಮಾಣ ಮಾಡಿ ಕೊಡುವ ಪತ್ರ. ಆಸ್ತಿ, ಸಾಲ, ಕೇಸು, ಓದು, ವೃತ್ತಿ ಎಲ್ಲ ಅದರಲ್ಲಿ ಬರೀಬೇಕು. ಮತದಾರರಿಗೆ ಇದನ್ನೆಲ್ಲ ತಿಳಿಯುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿತು. ಯಾವ ಕಾಲಮ್ಮನ್ನೂ ಖಾಲಿ ಬಿಡುವಂತಿಲ್ಲ ಅಂತ 2013ರಲ್ಲಿ ಮತ್ತೆ ಹೇಳಿತು. ಈಗ ಮೊಬೈಲಿನಲ್ಲೇ ಡೌನ್‌ಲೋಡ್ ಮಾಡಬಹುದು. ಅಷ್ಟೆಲ್ಲ ಹೋರಾಡಿ ಕೊಡಿಸಿದ ಹಕ್ಕನ್ನು ನಾವು ಯಾವುದಕ್ಕೆ ಬಳಸುತ್ತೇವೆ? ‘ನಮ್ ಅಣ್ಣಂದು ಅವರ ಅಣ್ಣನಿಗಿಂತ ಜಾಸ್ತಿ’ ಅಂತ ಹೇಳಿಕೊಳ್ಳೋಕೆ. ಆಸ್ತಿ ಕಡಿಮೆ ತೋರಿಸಿದವನ ಮೇಲೇ ನಮಗೆ ಅನುಮಾನ. ಇವನಿಗೇ ಇಲ್ಲ, ನಮಗೇನು ಕೊಟ್ಟಾನು?

ಹಾಗೆ ನೋಡಿದರೆ ಇದು ಹಳೇ ಸಂಪ್ರದಾಯ. ದಿವಾನ್ ರಂಗಾಚಾರ್ಲು 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ ಅಲ್ಲಿ ಕೂತವರು ದೊಡ್ಡ ಜಮೀನುದಾರರು, ವರ್ತಕರು. ಆಸ್ತಿಯಿದ್ದವನೇ ಪ್ರತಿನಿಧಿ. ಆಗ ಆಸ್ತಿ ಮೊದಲು ಬರುತ್ತಿತ್ತು, ಕುರ್ಚಿ ಆಮೇಲೆ. ಆ ಕ್ರಮ ಈಗ ತಿರುಗುಮುರುಗು ಆಗಿದೆ, ಅಷ್ಟೆ.

ಕೇಸಿನ ಕಾಲಂ ಸ್ವಲ್ಪ ಸೂಕ್ಷ್ಮ. ಮಂಡ್ಯದಲ್ಲಿ ಕೇಸಿಲ್ಲದ ಲೀಡರನ್ನು ಲೀಡರ್ ಅಂತ ಯಾರೂ ಒಪ್ಪೋದಿಲ್ಲ. ಕಾವೇರಿ ಗಲಾಟೆಯಲ್ಲಿ ಹೆದ್ದಾರಿ ತಡೆದ ಕೇಸು ಇಲ್ಲಿ ಪದವಿ ಇದ್ದಂತೆ, 1991ರ ಬ್ಯಾಚು, 2016ರ ಬ್ಯಾಚು ಅಂತ ಲೆಕ್ಕ. ಅದಕ್ಕೆ ಮರ್ಯಾದೆ ಕೊಡೋಣ. ತೊಂದರೆ ಏನೆಂದರೆ ಅದರ ಕೆಳಗಡೆಯೇ ಚೆಕ್ ಬೌನ್ಸು, ಫೋರ್ಜರಿ ಕೇಸುಗಳು ಹಸಿರು ಶಾಲು ಹೊದ್ದು ಕೂತಿರುತ್ತವೆ. 2018ರಿಂದ ಈ ಕೇಸುಗಳನ್ನು ಪೇಪರಿನಲ್ಲೂ ಟಿವಿಯಲ್ಲೂ ಮೂರು ಸಲ ಜಾಹೀರಾತು ಕೊಡಬೇಕು ಅಂತ ನಿಯಮ ಬಂದಿದೆ. ಕೊಡುತ್ತಾರೆ. ಭೂತಗನ್ನಡಿ ಇದ್ದವರು ಓದಬಹುದು.

ಇಷ್ಟು ದಿನ ನಾನು ಕಾಯುತ್ತಿದ್ದುದು ವೃತ್ತಿಯ ಕಾಲಮ್ಮಿಗೆ. ಒಬ್ಬ ಅಣ್ಣನ ಅಫಿಡವಿಟ್ಟು ಅಂತ ಇಟ್ಟುಕೊಳ್ಳಿ. ಇವರು ಯಾರೂ ಅಲ್ಲ, ಎಲ್ಲ ಪಕ್ಷದ ಹತ್ತಾರು ಅಫಿಡವಿಟ್ಟು ಸೇರಿಸಿ ಅರೆದಾಗ ಬಂದ ಒಬ್ಬ ಅಣ್ಣ. ಸ್ವಂತ ಕಾರು: ಇಲ್ಲ. ನಾಮಪತ್ರ ಸಲ್ಲಿಸಲು ಬಂದ ಮೆರವಣಿಗೆಯ ಫಾರ್ಚೂನರುಗಳೆಲ್ಲ ಅಭಿಮಾನಿಗಳದ್ದು. ಹೆಂಡತಿ ಗೃಹಿಣಿ. ಆದರೂ ಗಂಡನಿಗೆ ಎರಡು ಕೋಟಿ ಕೈಸಾಲ ಕೊಟ್ಟಿದ್ದಾರೆ. ಸಾಸಿವೆ ಡಬ್ಬಿಯಲ್ಲಿ ಉಳಿಸಿದ್ದಿರಬೇಕು. ಗದ್ದೆ ಆರು ಎಕರೆ. ಒಟ್ಟು ಆಸ್ತಿ 18 ಕೋಟಿ. ವೃತ್ತಿ: ಕೃಷಿ ಮತ್ತು ಸಮಾಜಸೇವೆ.

ಸಮಾಜಸೇವೆಯಲ್ಲಿ ಆದಾಯ ಇಲ್ಲ, ಅದನ್ನು ಅವರೇ ವೇದಿಕೆ ಮೇಲೆ ಕಣ್ಣೀರಿಟ್ಟು ಹೇಳಿದ್ದಾರೆ. ಹಾಗಾದರೆ ಉಳಿದದ್ದು ಕೃಷಿ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೂ ಇಲ್ಲ, ‘ಅದು ಹೇಗೆ ಬಂತು’ ಅಂತ ಕೇಳುವ ಅಭ್ಯಾಸವೂ ನಮಗಿಲ್ಲ. ಆದರೆ ಬೇರೆ ಜಿಲ್ಲೆಯ ಮಾತು ಬಿಡಿ, ಮಂಡ್ಯದಲ್ಲಿ ನಿಂತು ‘ನಾನು ರೈತ’ ಅನ್ನುವುದಕ್ಕೆ ಎದೆಗಾರಿಕೆ ಬೇಕು. ಇಲ್ಲಿ ಕಬ್ಬಿನ ಲೆಕ್ಕ ಗೊತ್ತಿಲ್ಲದವರು ತೊಟ್ಟಿಲಲ್ಲಿರುವ ಮಕ್ಕಳು ಮಾತ್ರ.

ಅಣ್ಣ ಪ್ರಚಾರಕ್ಕೆ ವಿಶ್ವೇಶ್ವರಯ್ಯ ನಾಲೆ ಬಯಲಿನ ಒಂದೂರಿಗೆ ಬಂದರು. ಸೇಬಿನ ಹಾರ ಆಯ್ತು. ಮುದ್ದೆ ಗುಳಕ್ ಅಂತ ಇಳಿಯಿತು. ಅರಳಿಕಟ್ಟೆ ಮೇಲೆ ಕೂತಿದ್ದ ಯಜಮಾನರೊಬ್ಬರು ಬಹಳ ವಿನಯದಿಂದ ಕೇಳಿದರು: ‘ಸ್ವಾಮಿ, ಪೇಪರಲ್ಲಿ ನೋಡ್ದೆ, ತಾವೂ ಬೇಸಾಯದೋರಂತೆ. ಕಬ್ಬು ಯಾವ ತಳಿ ಹಾಕಿದ್ದೀರಿ? ಕೋ 62175 ಏನು?’

ಅಣ್ಣ ಪಿಎ ಮುಖ ನೋಡಿದರು. ಪಿಎ ಮೊಬೈಲ್ ನೋಡಿದ. ‘ಒಳ್ಳೆ ತಳೀನೇ ಹಾಕಿದೀವಿ’ ಅಂದರು ಅಣ್ಣ.

‘ಎಕರೆಗೆ ಎಷ್ಟು ಬೀಳ್ತದೆ?’

ಇಲ್ಲಿ ಅಣ್ಣನಿಗೆ ಆತ್ಮವಿಶ್ವಾಸ ಬಂತು. ದೊಡ್ಡ ಸಂಖ್ಯೆ ಹೇಳಿದರೆ ಜನ ಮೆಚ್ಚುತ್ತಾರೆ ಅಂತ ಅವರ ಅನುಭವ. ‘ಕಮ್ಮಿ ಅಂದ್ರೂ ನೂರು ಕ್ವಿಂಟಾಲ್!’ ಅಂದರು. ಹುಡುಗರು ಶಿಳ್ಳೆ ಹೊಡೆದರು. ಕಟ್ಟೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೂರು ಕ್ವಿಂಟಾಲ್ ಅಂದರೆ ಹತ್ತು ಟನ್. ಚೆನ್ನಾಗಿ ಮಾಡಿದರೆ ಎಕರೆಗೆ ನಲವತ್ತು, ಐವತ್ತು ಟನ್ ಬರುವ ಮಣ್ಣಿದು. ಹತ್ತು ಟನ್ ಬಂದರೆ ಆ ಗದ್ದೆಗೆ ಹಂದಿ ನುಗ್ಗಿದೆ ಅಂತ ಅರ್ಥ.

ಕಾರುಗಳು ಧೂಳೆಬ್ಬಿಸಿ ಹೋದ ಮೇಲೆ ಯಜಮಾನರು ಮೊಮ್ಮಗನಿಗೆ ಮೊಬೈಲಿನಲ್ಲಿ ಲೆಕ್ಕ ಹಾಕು ಅಂದರು. ಟನ್ನಿಗೆ 3,400 ಹಿಡಿ ಅಂದರು. 2024–25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ಕನಿಷ್ಠ ದರ, ಅಂದರೆ ಎಫ್ಆರ್‌ಪಿ ಅದು, ಅದೂ ಶೇ 10.25 ಸಕ್ಕರೆ ಇಳುವರಿಗೆ. ಇಳುವರಿ ಇಳಿದರೆ ದುಡ್ಡೂ ಇಳಿಯುತ್ತದೆ, ಇರಲಿ, ಅಣ್ಣನ ಕಬ್ಬು ಸಿಹಿಯೇ ಅಂದುಕೊಳ್ಳೋಣ. ಆರು ಎಕರೆಗೆ ಅರವತ್ತು ಟನ್. ವರ್ಷಕ್ಕೆ 2,04,000 ರೂಪಾಯಿ. ಗೊಬ್ಬರ, ಕಟಾವಿನ ಕೂಲಿ, ಲಾರಿ ಬಾಡಿಗೆ ಏನೂ ಕಳೆಯಬೇಡ. ಮನೆಮಂದಿ ಊಟಾನೂ ಮಾಡಿಲ್ಲ ಅಂತ ಹಿಡಿ. 18 ಕೋಟಿ ಆಗೋಕೆ ಎಷ್ಟು ವರ್ಷ ಬೇಕು?

ಹುಡುಗ ಎರಡು ಸಲ ಒತ್ತಿ ನೋಡಿದ. ‘ಹತ್ರತ್ರ ಒಂಬೈನೂರು ವರ್ಷ, ತಾತ.’

‘ಹಂಗಾದ್ರೆ ವಿಷ್ಣುವರ್ಧನ ಮಹಾರಾಜರ ಕಾಲದಿಂದ ಕಬ್ಬು ಹಾಕ್ತಾವ್ರೆ’ ಅಂದರು ಯಜಮಾನರು, ಎಲೆಯಡಿಕೆ ಚೀಲ ಬಿಚ್ಚುತ್ತಾ. ‘ರಾಮಾನುಜಾಚಾರ್ರು ಮೇಲುಕೋಟೆಗೆ ಬಂದಾಗ ಬೆಲ್ಲ ಕೊಟ್ಟೋರೂ ಇವರೇ ಇರಬೇಕು. ಇಷ್ಟು ಸರ್ವೀಸ್ ಆಗಿರೋರು ಬೇರೆ ಯಾವ ಪಾರ್ಟೀಲಿ ಅವ್ರೆ ಹೇಳು? ಸಿಎಂ ಆಗ್ಲಿ ಬುಡು.’