ಬೆಂಗಳೂರಿಗೂ ಕೂಸಿನ ಮನೆ ಬೇಕು

ಮಕ್ಕಳನ್ನು ನೋಡಿಕೊಳ್ಳುವುದು ಅವರವರ ಮನೆಯ ವಿಷಯ, ಸರ್ಕಾರಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ನಾನು 'ಕೂಸಿನ ಮನೆ'ಯನ್ನು ನೆನಪಿಸುತ್ತೇನೆ. 2023-24ರ ಬಜೆಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ ಘೋಷಿಸಿದ ಯೋಜನೆ ಅದು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೇಂದ್ರ ತೆರೆಯುವ ಗುರಿ. ನೋಡಿಕೊಳ್ಳಲು ಅದೇ ಊರಿನ ಹೆಣ್ಣುಮಕ್ಕಳಿಗೆ ತರಬೇತಿ. ತುಂಬಾ ಒಳ್ಳೆಯ ಕೆಲಸ. ಹಳ್ಳಿಯಲ್ಲಿ ಗುದ್ದಲಿ ಹಿಡಿಯುವ ತಾಯಿಗೆ ಬೇಕಾದದ್ದು ಪೀಣ್ಯದಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂರುವ ತಾಯಿಗೆ ಬೇಡವಾ?

ನಗರದವರಿಗೆ ಕಾನೂನು ಇದೆಯಲ್ಲ ಅನ್ನುತ್ತಾರೆ. ಇದೆ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯಿದೆಗೆ ತಿದ್ದುಪಡಿ ತಂದು, ಸಂಬಳದ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕ್ರೆಶ್, ಅಂದರೆ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಲೇಬೇಕು ಎಂದರು. ಆದರೆ ನಾನು ಕೆಲಸ ಮಾಡುವ ಕಡೆ ಐವತ್ತು ಜನ ಇಲ್ಲ. ಚಿಕ್ಕಪೇಟೆಯ ಸಣ್ಣ ಬಟ್ಟೆ ಅಂಗಡಿಯಲ್ಲಿ, ದರ್ಶಿನಿಯಲ್ಲಿ, ಬ್ಯೂಟಿ ಪಾರ್ಲರಿನಲ್ಲಿ ಎಲ್ಲಿ ಐವತ್ತು ಜನ ಇರುತ್ತಾರೆ? ನಾಲ್ಕು ಮನೆಯ ಪಾತ್ರೆ ತೊಳೆಯುವ ಹೆಂಗಸು ಯಾವ ಮಾಲೀಕರನ್ನು ಹೋಗಿ ಕೇಳಬೇಕು?

ಕ್ರೆಶ್ ಇರುವ ಕಡೆಯೂ ಕಷ್ಟ ಮುಗಿಯುವುದಿಲ್ಲ. ಈ ಊರಿನಲ್ಲಿ ಮನೆ ಒಂದು ಮೂಲೆ, ಕೆಲಸ ಇನ್ನೊಂದು ಮೂಲೆ. ನಮ್ಮ ವಠಾರದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಹೆಣ್ಣುಮಗಳಿದ್ದಾಳೆ. ಫ್ಯಾಕ್ಟರಿಯಲ್ಲಿ ಕ್ರೆಶ್ ಇದೆ. ಆದರೆ ಲಗ್ಗೆರೆಯಿಂದ ಬಸ್ ಬದಲಾಯಿಸಿಕೊಂಡು ಮೈಸೂರು ರಸ್ತೆಗೆ ಹೋಗಬೇಕು. ಬೆಳಗಿನ ತುಂಬಿದ ಬಸ್ಸಿನಲ್ಲಿ ಒಂದು ಕೈಲಿ ಕೂಸು, ಇನ್ನೊಂದು ಕೈಲಿ ಕಂಬಿ. ಮಗುವಿಗೆ ಮೇಲಿಂದ ಮೇಲೆ ಜ್ವರ ಬಂತು. ಕೊನೆಗೆ ಸಿರಾ ಕಡೆಯ ಊರಿನಲ್ಲಿ ಅಜ್ಜಿ ಹತ್ತಿರ ಬಿಟ್ಟು ಬಂದಳು. "ಅಜ್ಜೀನೇ ಅಮ್ಮ ಅಂತಾನೆ ಅಣ್ಣಾ, ನಾನು ಹೋದ್ರೆ ಬಾಗಿಲ ಹಿಂದೆ ಬಚ್ಚಿಟ್ಕೋತಾನೆ" ಅಂದಳು. ಬೊಮ್ಮನಹಳ್ಳಿ, ಪೀಣ್ಯ ಎಲ್ಲಿ ಕೇಳಿದರೂ ಇಂಥ ತಾಯಂದಿರು ಸಿಗುತ್ತಾರೆ. ಈ ಊರಿನ ಬಟ್ಟೆ ಉದ್ಯಮ ನಡೆಯುತ್ತಿರುವುದೇ ಅವರ ದುಡಿಮೆಯಿಂದ. ಅವರ ಮಕ್ಕಳಿಗೆ ಮಾತ್ರ ಈ ಊರಿನಲ್ಲಿ ಜಾಗ ಇಲ್ಲ.

ಅದಕ್ಕೇ ನಾನು ಹೇಳುವುದು, ಬೇಬಿ ಸಿಟ್ಟಿಂಗ್ ಕೆಲಸದ ಜಾಗದಲ್ಲಿ ಇದ್ದರೆ ಸಾಲದು, ಮನೆ ಹತ್ತಿರ ಬೇಕು. ನಡೆದು ಹೋಗಿ ಬಿಟ್ಟು ಬರುವಷ್ಟು ಹತ್ತಿರ.

ಇನ್ನು ಸಮಯ. ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಮೂರು ವರ್ಷ ತುಂಬದ ಮಕ್ಕಳನ್ನು ಕೂರಿಸಿಕೊಳ್ಳುವುದಿಲ್ಲ. ಕೇಂದ್ರದ 'ಪಾಲನಾ' ಯೋಜನೆ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ. ಅಂಗನವಾಡಿಯಲ್ಲೇ ಕ್ರೆಶ್ ನಡೆಸುವ ಯೋಚನೆ ಅದರಲ್ಲಿದೆ. ಆದರೆ ಇಡೀ ದೇಶಕ್ಕೆ ಇಟ್ಟುಕೊಂಡ ಗುರಿ 17,000 ಕೇಂದ್ರ, ದಿನಕ್ಕೆ ಏಳೂವರೆ ಗಂಟೆ. ಎಂಟು ಗಂಟೆ ಕೆಲಸ, ಊಟದ ಬಿಡುವು, ಹೋಗಿ ಬರುವ ಹೊತ್ತು ಎಲ್ಲಾ ಸೇರಿಸಿದರೆ ಏಳೂವರೆ ಗಂಟೆ ಯಾರಿಗೆ ಸಾಲುತ್ತದೆ? 2019ರಲ್ಲಿ ನಮ್ಮ ರಾಜ್ಯ ಹೆಂಗಸರು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮಾಡಲು ಅನುಮತಿ ಕೊಟ್ಟಿತು. ಬೇಡ ಅನ್ನುತ್ತಿಲ್ಲ. ಆದರೆ ರಾತ್ರಿ ತೆರೆದಿರುವ ಒಂದೇ ಒಂದು ಡೇಕೇರ್ ನಮ್ಮ ಏರಿಯಾದಲ್ಲಿ ಇಲ್ಲ.

ಖಾಸಗಿ ಡೇಕೇರ್‌ಗೆ ನಮ್ಮ ಕಡೆ ತಿಂಗಳಿಗೆ ಹತ್ತು ಸಾವಿರದ ಮೇಲೆ. ಅರ್ಧ ದಿನ ಬಿಟ್ಟರೂ ಪೂರ್ತಿ ದುಡ್ಡು. ಸಂಜೆ ತಡವಾದರೆ ಎಕ್ಸ್‌ಟ್ರಾ. ನನ್ನ ಹೆಂಡತಿ ಬಂದ ಪ್ರಮೋಷನ್ ಬಿಟ್ಟಿದ್ದು ಇದೇ ಕಾರಣಕ್ಕೆ. ಹೊಸ ಹುದ್ದೆಯಲ್ಲಿ ರಾತ್ರಿ ಎಂಟರವರೆಗೆ ಇರಬೇಕಿತ್ತು. ನನಗೆ ಇವತ್ತಿಗೂ ಅದರ ಬೇಜಾರಿದೆ.

ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸ ಇದು. ಬೆಳಗ್ಗೆ ಏಳರಿಂದ ರಾತ್ರಿ ಎಂಟೂವರೆವರೆಗೆ ಪ್ರತಿ ವಾರ್ಡಿನಲ್ಲಿ ಒಂದು ಕೇಂದ್ರ ತೆರೆದಿರಲಿ. ಕೈಗಾರಿಕಾ ಪ್ರದೇಶದ ಸುತ್ತ ಕೆಲವು ರಾತ್ರಿಯೂ ನಡೆಯಲಿ. ಬಿಟ್ಟಷ್ಟು ಹೊತ್ತಿಗೆ ಮಾತ್ರ ಶುಲ್ಕ, ಅದೂ ಆದಾಯ ನೋಡಿ. ಬಡವರಿಗೆ ಪೂರ್ತಿ ಉಚಿತ. ಮಗುವಿನ ಜಾತಕ ಕೇಳುವ ಹಾಗೆ ಕಾಗದಪತ್ರ ಕೇಳಬಾರದು. ಬಾಡಿಗೆ ಮನೆಯವರ ಹತ್ತಿರ ಅಷ್ಟೆಲ್ಲಾ ಇರುವುದಿಲ್ಲ. ಮುಖ್ಯವಾಗಿ, ಈ ಕೆಲಸವನ್ನು ಈಗಿರುವ ಅಂಗನವಾಡಿ ಟೀಚರ್ ತಲೆಗೆ ಕಟ್ಟಬಾರದು. ಸರ್ವೆ, ಆ್ಯಪ್, ರಿಜಿಸ್ಟರ್ ಅಂತ ಅವರ ಮೇಲೆ ಈಗಲೇ ವಿಪರೀತ ಹೊರೆ ಇದೆ. ಕೈಗೆ ಬರುವುದು ಬರೀ ಗೌರವಧನ. ಹೊಸಬರನ್ನು ತಗೊಳ್ಳಲಿ, ತರಬೇತಿ ಕೊಡಲಿ, ಸಂಬಳ ಅಂತಲೇ ಕೊಡಲಿ. ಮಗುವನ್ನು ನೋಡಿಕೊಳ್ಳುವವರು ಅರೆಹೊಟ್ಟೆಯಲ್ಲಿದ್ದರೆ ಮಗು ಸುರಕ್ಷಿತವಾಗಿರುವುದಿಲ್ಲ.

ಅಪ್ಪಂದಿರ ಬಗ್ಗೆಯೂ ಒಂದು ಮಾತು. 2017ರ ತಿದ್ದುಪಡಿ ತಾಯಿಗೆ ದಿನಕ್ಕೆ ನಾಲ್ಕು ಸಲ ಕ್ರೆಶ್‌ಗೆ ಹೋಗಿ ಮಗುವನ್ನು ನೋಡುವ ಹಕ್ಕು ಕೊಟ್ಟಿತು. ಅಪ್ಪನ ಮಾತೇ ಇರಲಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ, ನನ್ನಂಥ ಖಾಸಗಿ ನೌಕರರಿಗೆ ಕಾನೂನಿನಲ್ಲಿ ಅಷ್ಟೂ ಇಲ್ಲ. ಮಗು ಇಬ್ಬರದೂ ಅಲ್ವಾ?

ದುಡ್ಡೆಲ್ಲಿ ಅಂತ ಕೇಳುತ್ತಾರೆ. ಹೆಂಗಸರಿಗೆ ಬಸ್ ಫ್ರೀ ಅಂದಾಗಲೂ ಇದೇ ಪ್ರಶ್ನೆ ಬಂದಿತ್ತು. ಆದರೂ 2023ರ ಜೂನ್‌ನಲ್ಲಿ ಆ ಶಕ್ತಿ ಯೋಜನೆ ಶುರುವಾಯಿತು. ಕೆಲಸಕ್ಕೆ ಹೋಗಲು ಬಸ್ ಕೊಟ್ಟ ಮೇಲೆ, ಆ ಹೊತ್ತಿನಲ್ಲಿ ಮಗುವನ್ನು ಬಿಡಲು ಒಂದು ಜಾಗವನ್ನೂ ಕೊಡಬೇಕು. ಬೆಂಗಳೂರಿಗೆ ಈಗ ಐದು ಪಾಲಿಕೆಗಳಿವೆ. ಮೊದಲು ಒಂದೊಂದರಲ್ಲಿ ಹತ್ತು ವಾರ್ಡ್ ಆರಿಸಿಕೊಂಡು ಶುರು ಮಾಡಲಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ನಾವು ಕೆಲವರು ಮನವಿ ಬರೆಯುತ್ತಿದ್ದೇವೆ. ನಿಮ್ಮ ಏರಿಯಾ ಯಾವುದು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಮಗುವನ್ನು ಬಿಡಬೇಕಾಗುತ್ತದೆ, ತಿಂಗಳಿಗೆ ಎಷ್ಟು ಕೊಡಲು ಸಾಧ್ಯ, ಈ ಮೂರನ್ನು ಕೆಳಗೆ ಬರೆಯಿರಿ. ಮನವಿಯಲ್ಲಿ ಸೇರಿಸುತ್ತೇವೆ.